ಮನೆಯ ಕಠಾರಿ

ಮೊಳಕಾಲ್ಮೂರು ಸೀಮೆಯ ಹಳೆಯ ಮನೆಗಳಲ್ಲಿ ದೇವರ ಕೋಣೆಯು ದೇವರಿಗೆ ಮಾತ್ರ ಮೀಸಲಾದುದಲ್ಲ. ಬಿತ್ತನೆಯ ಬೀಜದ ಮಡಕೆ, ಹೊಲದ ಹಳೆಯ ಕ್ರಯಪತ್ರಗಳು, ಗತಿಸಿದ ಹಿರಿಯರ ಬೆಳ್ಳಿಯ ಉಡಿದಾರ, ಹೀಗೆ ಕಳೆದುಹೋಗಬಾರದ ವಸ್ತುಗಳೆಲ್ಲವೂ ಅಲ್ಲಿಯೇ ಸೇರುವುವು. ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಇವುಗಳ ಜೊತೆಗೆ ಒಂದು ಕಠಾರಿಯೂ ಇದ್ದಿತು. ಊರಿನವರು ಅವರನ್ನು ಮೇಷ್ಟರೆಂದೇ ಕರೆಯುವುದರಿಂದ ಇಲ್ಲಿಯೂ ಆ ಹೆಸರೇ ಸಾಕು.

ಕಠಾರಿಯ ಹಿಡಿಯು ಕತ್ತಿಯ ಹಿಡಿಯಂತಲ್ಲ. ಎರಡು ಉದ್ದನೆಯ ಪಟ್ಟಿಗಳ ನಡುವೆ ಏಣಿಯ ಮೆಟ್ಟಿಲಿನಂತೆ ಎರಡು ಅಡ್ಡಕಂಬಿಗಳಿರುವುವು. ಅವನ್ನು ಮುಷ್ಟಿಯಲ್ಲಿ ಬಿಗಿಹಿಡಿದರೆ ಪಟ್ಟಿಗಳು ಮುಂಗೈಯ ಎರಡು ಪಕ್ಕಕ್ಕೂ ಬರುವುವು. ಅಲಗು ಬೆರಳ ಗೆಣ್ಣುಗಳ ನೇರಕ್ಕೆ ಮುಂದೆ ಚಾಚುವುದು. ಬೀಸಿ ಹೊಡೆಯುವುದಕ್ಕಲ್ಲ, ಗುದ್ದಿ ತಿವಿಯುವುದಕ್ಕೆ ಮಾಡಿದ ಆಯುಧವಿದು. ವಿಜಯನಗರದ ಕಾಲದಿಂದ ದಕ್ಷಿಣದಲ್ಲಿ ಬಳಕೆಯಲ್ಲಿದ್ದ ಕಠಾರಿಗಳಿಗೆ ಕೈಯ ಹೊರಮೈಯನ್ನು ಕಾಯಲು ಹಾಯಿಯಂತೆ ಬಾಗಿದ ಒಂದು ಮರೆಯಿರುವುದುಂಟು. ಮೇಷ್ಟರ ಮನೆಯದಕ್ಕೂ ಅದು ಇದ್ದಿತು. ಒಂದು ಕಡೆಯ ಅಂಚು ಮಾತ್ರ ಮುರಿದಿದ್ದಿತು. ಒರೆಯು ಮರದ್ದು. ಮರದ ಮೇಲೆ ತೊಗಲು, ತೊಗಲಿನ ಮೇಲೆ ಕೆಂಪು ಮಖಮಲ್ಲು. ಮಖಮಲ್ಲು ಸವೆದು ಹೋದಲ್ಲಿ ಮೇಷ್ಟರ ತಾಯಿ ತನ್ನ ಧಾರೆಯ ಸೀರೆಯ ಸೆರಗಿನಿಂದ ಕತ್ತರಿಸಿ ಹೊಲಿದ ಮೊಳಕಾಲ್ಮೂರಿನ ರೇಷ್ಮೆಯ ಒಂದು ತುಂಡು.

ಹಿರಿಯರಿಂದ ಬಂದ ಮಾತು ಹೀಗಿದ್ದಿತು: ವಂಶದ ಒಬ್ಬನು ಚಿತ್ರದುರ್ಗದ ನಾಯಕರ ದಂಡಿನಲ್ಲಿ ಕಾಲಾಳಾಗಿದ್ದನು, ೧೭೭೯ರಲ್ಲಿ ಹೈದರಾಲಿಯು ಮದಕರಿನಾಯಕನಿಂದ ದುರ್ಗವನ್ನು ಕಸಿದುಕೊಂಡಾಗ ಈ ಕಠಾರಿಯೊಂದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ರಾತ್ರೋರಾತ್ರಿ ಬಂದು ಈ ಊರು ಸೇರಿದನು, ಅಲಗು ದುರ್ಗದ ಸೀಮೆಯ ಕಬ್ಬಿಣದಿಂದ, ದುರ್ಗದ ಕಮ್ಮಾರನ ಕೈಯಿಂದಲೇ ಆದುದು. ದುರ್ಗದ ಕಥೆಗಳಲ್ಲಿ ಜನರ ನಾಲಗೆಯ ಮೇಲೆ ಉಳಿದ ಆಯುಧವು ಕತ್ತಿಯೂ ಅಲ್ಲ, ಕಠಾರಿಯೂ ಅಲ್ಲ, ಓಬವ್ವನ ಒನಕೆ. ಆದರೂ ಒಂದೊಂದು ಮನೆತನಕ್ಕೂ ತನ್ನದೇ ಆದ ಒಂದು ಅಲಗು ಬೇಕೆನ್ನಿಸುವುದು ಸಹಜವಲ್ಲವೆ? ಮೇಷ್ಟರು ಮೂವತ್ತು ವರ್ಷಗಳ ಕಾಲ ಈ ಕಥೆಯನ್ನು ಶಾಲೆಯ ಮಕ್ಕಳಿಗೆ ಹೇಳಿದ್ದರು. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ತೋರಿಸಲು ಮಕ್ಕಳನ್ನು ಕರೆದೊಯ್ದಾಗಲೆಲ್ಲ, ೧೮೯೨ರಲ್ಲಿ ರೈಸ್ ದೊರೆಯು ಆ ಶಾಸನವನ್ನು ಕಂಡುದನ್ನೂ, ೧೯೪೭ರಲ್ಲಿ ವೀಲರ್ ಸಾಹೇಬನು ಅದೇ ಬೆಟ್ಟದ ಬುಡದಲ್ಲಿ ಅಗೆಸಿದಾಗ ಬೃಹತ್ ಶಿಲಾಸಮಾಧಿಗಳ ಜನರ ಕಬ್ಬಿಣದ ಆಯುಧಗಳು ದೊರೆತುದನ್ನೂ ಹೇಳಿ, ಕಡೆಗೆ ಮನೆಯ ಕಠಾರಿಗೆ ಬಂದು ನಿಲ್ಲುವರು. ಎರಡು ಸಾವಿರ ವರ್ಷಗಳಿಂದಲೂ ಈ ನೆಲದಲ್ಲಿ ಕಬ್ಬಿಣವನ್ನು ಬಲ್ಲವರಿದ್ದರೆಂಬುದಕ್ಕೆ ಅವರಿಗೆ ಅದೇ ಕೊನೆಯ ಕೊಂಡಿ.

ಅವರ ಹಳೆಯ ಶಿಷ್ಯನೊಬ್ಬನು ಪ್ರವಾಸಿಗರ ಹಡಗಿನಲ್ಲಿ ಕೆಲಸಕ್ಕಿದ್ದನು. ಅವನು ರಜೆಯಲ್ಲಿ ಬಂದಾಗ ಬಾಲಿ ದ್ವೀಪದಿಂದ ಒಂದು ಬಾಕನ್ನು ತಂದು ಮೇಷ್ಟರ ಮುಂದೆ ಚಾಪೆಯ ಮೇಲಿಟ್ಟನು. ಅಲ್ಲಿಯವರು ಅದನ್ನು ಕೆರಿಸ್ ಎನ್ನುವರು. ಒರೆಗೆ ಕೆಂಪು ಬಣ್ಣ, ಅದರ ಮೇಲೆ ಹಸುರು ಬಳ್ಳಿ, ಚಿನ್ನದ ಬಣ್ಣದ ಹೂವು. ಒರೆಯ ಬಾಯಿ ದೋಣಿಯಂತೆ ಅಡ್ಡಲಾಗಿ ಅಗಲವಾಗಿದ್ದಿತು. ಹಿಡಿಯಲ್ಲಿ ಕಣ್ಣು ಹೊರಚಾಚಿದ ಒಬ್ಬ ರಾಕ್ಷಸನು ಕುಳಿತಿದ್ದನು. ಅಲಗು ಹಾವು ಹರಿದಂತೆ ಬಳುಕಿದ್ದಿತು.

“ಇನ್ನೂರು ವರ್ಷದ್ದು ಅಂತ ಅಂಗಡಿಯವ ಹೇಳಿದ ಮೇಷ್ಟ್ರೇ. ನೀವು ನೋಡಿ ಹೇಳಬೇಕು,” ಎಂದನು ಶಿಷ್ಯನು.

ಮೇಷ್ಟರು ಕೆರಿಸನ್ನು ಕಂಡುದು ಅದೇ ಮೊದಲಾದರೂ ಅದರ ವಿಷಯವಾಗಿ ಓದಿದ್ದರು. ಜಾವಾ ಬಾಲಿಗಳಲ್ಲಿ ಈ ಬಾಕಿಗಿರುವ ಗೌರವವು ನಮ್ಮಲ್ಲಿ ಯಾವ ಆಯುಧಕ್ಕೂ ಇಲ್ಲವೆನ್ನಬಹುದು. ಅಲಗು ಬುಡದಲ್ಲಿ ಒಂದು ಪಕ್ಕಕ್ಕೆ ಹೆಚ್ಚು ಅಗಲವಾಗಿರುವುದು. ಬಳುಕುಗಳು ಯಾವಾಗಲೂ ಬೆಸಸಂಖ್ಯೆಯಲ್ಲಿರಬೇಕು. ಕಬ್ಬಿಣದ ಪದರಗಳ ನಡುವೆ ನಿಕ್ಕಲ್ ಬೆರೆತ ಲೋಹವನ್ನಿಟ್ಟು ಬೆಸೆದು, ಮಡಿಸಿ, ಮತ್ತೆ ಬಡಿದು ಮಾಡುವುದರಿಂದ ಮೈಮೇಲೆ ಬೆಳ್ಳನೆಯ ಗೆರೆಗಳ ಚಿತ್ರವೇಳುವುದು. ಅದಕ್ಕೆ ಪಾಮೋರ್ ಎಂದು ಹೆಸರು. ಪ್ರಂಬಾನನ್ ದೇವಾಲಯಗಳ ಬಳಿ ಬಿದ್ದ ಉಲ್ಕೆಯೊಂದನ್ನು ೧೮ನೆಯ ಶತಮಾನದ ಕೊನೆಯಲ್ಲಿ ಸುರಕರ್ತದ ಅರಮನೆಗೆ ಸಾಗಿಸಿ ಅದರ ಲೋಹವನ್ನು ಈ ಕೆಲಸಕ್ಕೆ ಬಳಸಿದರು. ಬಾಲಿಯ ಹಿಂದೂಗಳು ೨೧೦ ದಿನಗಳಿಗೊಮ್ಮೆ ಬರುವ ತುಂಪೆಕ್ ಲಂಡೆಪ್ ಎಂಬ ಶನಿವಾರದಂದು ಮನೆಯ ಕೆರಿಸುಗಳನ್ನೂ ಇತರ ಲೋಹದ ಸಾಮಾನುಗಳನ್ನೂ ಪೂಜಿಸುವರು. ಈಗೀಗ ಮೋಟಾರುಗಾಡಿಗಳಿಗೂ ಅಂದು ಪೂಜೆ ಸಲ್ಲುವುದು. ನಮ್ಮ ಆಯುಧಪೂಜೆಯ ದಿನ ಲಾರಿಗಳ ಮುಂದೆ ಬೂದುಗುಂಬಳವನ್ನು ಒಡೆಯುವವರಿಗೆ ಇದು ಪರಕೀಯವೆನ್ನಿಸದು.

ಆದರೆ ಗೌರವ ಬೇರೆ, ಪರೀಕ್ಷೆ ಬೇರೆ. ಹಳೆಯ ವಸ್ತುವನ್ನು ನೋಡುವವನು ಮೊದಲು ಒರೆಯನ್ನು ನೋಡಬೇಕು, ಆಮೇಲೆ ಅಲಗನ್ನು, ಕಥೆಯನ್ನು ಕಟ್ಟಕಡೆಗೆ ಕೇಳಬೇಕೆಂಬುದು ಮೇಷ್ಟರ ಮತ. ಅವರು ಕನ್ನಡಕವನ್ನೇರಿಸಿ ಒರೆಯ ಬಾಯನ್ನು ಬಿಸಿಲಿಗೆ ಹಿಡಿದರು. ಇನ್ನೂರು ವರ್ಷ ಅಲಗು ಹೋಗಿ ಬಂದ ದಾರಿಯಲ್ಲಿ ಮರವು ಸವೆದು ನುಣುಪಾಗಿರಬೇಕು; ಇದರಲ್ಲಿ ಉಳಿಯ ಗುರುತು ಹಸಿಯಾಗಿಯೇ ಇದ್ದಿತು. ಒಳಗೆ ಕಿಲುಬಿನ ಕಲೆಯಿಲ್ಲ, ಎಣ್ಣೆಯ ವಾಸನೆಯಿಲ್ಲ. ಬಣ್ಣದ ಒರೆಯನ್ನು ಸೊಂಟಕ್ಕೆ ಸಿಕ್ಕಿಸಿದವರಿದ್ದರೆ ಬಟ್ಟೆ ಉಜ್ಜುವ ಕಡೆ ಚಿನ್ನವು ಅಳಿಸಿ ಉಬ್ಬಿನಲ್ಲಿ ಮರ ಕಾಣಿಸಬೇಕು, ತಗ್ಗಿನಲ್ಲಿ ಬಣ್ಣ ಉಳಿದಿರಬೇಕು. ಇಲ್ಲಿ ಯಾರೋ ಉಪ್ಪುಕಾಗದದಿಂದ ಎಲ್ಲ ಕಡೆಯೂ ಸಮವಾಗಿ ತಿಕ್ಕಿ ಮುಪ್ಪನ್ನು ತಂದಿದ್ದರು. ಮುಪ್ಪು ಯಾರಿಗೂ ಸಮವಾಗಿ ಬರುವುದಿಲ್ಲ. ಅಲಗಿನ ಮೇಲಿನ ಗೆರೆಗಳೂ ಲೋಹದೊಳಗಿನಿಂದ ಬಂದುವಲ್ಲ. ಬುಡದಿಂದ ತುದಿಯವರೆಗೆ ಒಂದೇ ಆಳಕ್ಕೆ ಆಮ್ಲದಿಂದ ಕೊರೆದವು.

“ಚೆನ್ನಾಗಿದೆಯಪ್ಪ, ಮಾಡಿದವನ ಕೈ ಒಳ್ಳೆಯದು. ಆದರೆ ನಿನಗಿಂತ ಚಿಕ್ಕದು,” ಎಂದರು. ಶಿಷ್ಯನು ನಕ್ಕನು, ಆದರೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದನು.

ಬಾಲಿಯ ಹಳೆಯ ಕೆರಿಸುಗಳು ಸುಲಭವಾಗಿ ಅಂಗಡಿಗೆ ಬರತಕ್ಕವಲ್ಲ. ೧೯೦೬ರಲ್ಲಿ ಬಾದುಂಗ್ ರಾಜ್ಯದಲ್ಲಿಯೂ ೧೯೦೮ರಲ್ಲಿ ಕ್ಲುಂಗ್ಕುಂಗ್ ರಾಜ್ಯದಲ್ಲಿಯೂ ಅರಸರು ಪರಿವಾರದೊಡನೆ ಬಿಳಿಯ ಬಟ್ಟೆಯನ್ನುಟ್ಟು ಡಚ್ಚರ ಬಂದೂಕುಗಳಿಗೆ ಎದುರಾಗಿ ನಡೆದು ಮಡಿದರು. ಅವರ ಕೆರಿಸುಗಳು ಗೆದ್ದವರ ಕೈಸೇರಿ ಹಾಲೆಂಡಿನ ವಸ್ತುಸಂಗ್ರಹಾಲಯಗಳಿಗೆ ಹೋದುವು. ಕ್ಲುಂಗ್ಕುಂಗಿನ ಒಂದು ಕೆರಿಸು ಇಂಡೊನೇಷಿಯಕ್ಕೆ ಹಿಂದಿರುಗಿದುದು ೨೦೨೩ರಲ್ಲಿ. ನಮ್ಮ ಕಡೆಯ ಕಠಾರಿಗಳ ಗತಿಯೂ ಹೆಚ್ಚು ಬೇರೆಯಲ್ಲ. ತಂಜಾವೂರಿನ ಆಯುಧಶಾಲೆಯು ೧೯ನೆಯ ಶತಮಾನದಲ್ಲಿ ಚದರಿಹೋಗಿ, ಅಲ್ಲಿಯ ಎಷ್ಟೋ ಕಠಾರಿಗಳು ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಗಾಜಿನ ಪೆಟ್ಟಿಗೆಗಳೊಳಗೆ ನಿಂತಿವೆ.

ಶಿಷ್ಯನು ಬಂದುಹೋದ ಸುದ್ದಿ ಚಳ್ಳಕೆರೆಯಲ್ಲಿದ್ದ ಮೇಷ್ಟರ ತಮ್ಮನಿಗೆ ತಲುಪಲು ಎರಡು ದಿನವೂ ಬೇಕಾಗಲಿಲ್ಲ. ತಮ್ಮನು ಶೇಂಗಾ ಬೆಳೆಯುವವನು. ಎರಡು ವರ್ಷ ಮೇಲಿಂದ ಮೇಲೆ ಮಳೆ ಕೈಕೊಟ್ಟಿದ್ದಿತು. ಮೂರು ಕಡೆ ಕೊರೆಸಿದ ಕೊಳವೆಬಾವಿಗಳಲ್ಲಿ ಎರಡರಲ್ಲಿ ಧೂಳು ಬಂದಿತು, ಒಂದರಲ್ಲಿ ನೀರು ಬಂದು ಆರು ತಿಂಗಳಿಗೆ ನಿಂತಿತು. ಸಾಲವು ಮಾತ್ರ ನಿಲ್ಲಲಿಲ್ಲ. ಅವನಿಗೆ ಬೆಂಗಳೂರಿನ ಒಬ್ಬ ವ್ಯಾಪಾರಿಯ ಪರಿಚಯವಿದ್ದಿತು. ಆ ವ್ಯಾಪಾರಿಯು ಕಠಾರಿಯ ಚಿತ್ರವನ್ನು ನೋಡಿ, ಎರಡು ಎಕರೆ ಖುಷ್ಕಿ ಹೊಲದ ಬೆಲೆಯಷ್ಟು ಕೊಡುವುದಾಗಿ ಹೇಳಿದ್ದನು. ಒಂದೇ ಒಂದು ಷರತ್ತು: ಇದು ದುರ್ಗದ ಪಾಳೆಯಗಾರರ ಕಾಲದ್ದು, ಅಲಗು ಈ ಸೀಮೆಯ ಉಕ್ಕಿನದೆಂದು ಇತಿಹಾಸವನ್ನು ಬಲ್ಲ ಮೇಷ್ಟರು ಒಂದು ಕಾಗದ ಬರೆದು ರುಜು ಹಾಕಬೇಕು.

“ನೀನು ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದನ್ನ ಕಾಗದದ ಮೇಲೆ ಬರಿಯಣ್ಣ. ಅಷ್ಟೇ ನಾನು ಕೇಳೋದು,” ಎಂದನು ತಮ್ಮ.

ನ್ಯಾಯವಾದ ಮಾತೇ. ಕಠಾರಿಯಲ್ಲಿ ತಮ್ಮನಿಗೂ ಪಾಲಿದ್ದಿತು. ಮೇಷ್ಟರು ಇಲ್ಲವೆನ್ನಲಿಲ್ಲ. ನೂರು ವರ್ಷಕ್ಕೆ ಮೇಲ್ಪಟ್ಟ ಇಂತಹ ವಸ್ತುವನ್ನು ದೇಶದ ಹೊರಗೆ ಸಾಗಿಸುವುದನ್ನು ೧೯೭೨ರ ಕಾಯಿದೆಯು ಖಾಸಗಿಯವರಿಗೆ ನಿಷೇಧಿಸಿದೆಯೆಂದೂ, ಕೊಳ್ಳುವವನಲ್ಲಿ ವ್ಯಾಪಾರದ ಪರವಾನಗಿಯಿದೆಯೆ ಎಂದು ಕೇಳಬೇಕೆಂದೂ ಹೇಳಿ, ಬರೆಯುವುದಕ್ಕೆ ಮುಂಚೆ ಒಂದು ಸಲ ಸರಿಯಾಗಿ ನೋಡಿಬಿಡುವೆನೆಂದರು. ಶಿಷ್ಯನ ಕೆರಿಸನ್ನು ನೋಡಿದ ಕಣ್ಣಿನಿಂದ ಮನೆಯ ಕಠಾರಿಯನ್ನು ಅವರು ಒಂದು ದಿನವೂ ನೋಡಿರಲಿಲ್ಲ.

ಒರೆಯು ಪರೀಕ್ಷೆಯಲ್ಲಿ ಗೆದ್ದಿತು. ಬಾಯಿ ಸವೆದಿದ್ದಿತು, ಒಳಗೆ ಕಿಲುಬಿನ ಕಲೆ ಆಳವಾಗಿ ಹತ್ತಿದ್ದಿತು. ದೀಪದ ಬೆಳಕಿನಲ್ಲಿ ಕಡ್ಡಿಯಿಂದ ಅಳೆದರೆ ಕಲೆಯು ಈಗಿನ ಮೊನೆಗಿಂತ ಎರಡು ಬೆರಳು ಮುಂದಕ್ಕೆ ಹೋಗಿದ್ದಿತು. ಎಂದರೆ ಅಲಗು ಹಿಂದೆ ಅಷ್ಟು ಉದ್ದವಾಗಿದ್ದು, ಯಾವಾಗಲೋ ಮೊನೆ ಮುರಿದು ಸಾಣೆ ಹಿಡಿಸಿದ್ದಾರೆ. ಒರೆಯೂ ಅಲಗೂ ಬಹುಕಾಲದ ಜೊತೆಗಾರರು. ಮೇಷ್ಟರಿಗೆ ಸಂತೋಷವಾಯಿತು.

ಅಲಗಿನ ಮಾತು ಬೇರೆಯಾಯಿತು. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುತ್ತಿದ್ದ ಕ್ರಮವು ತಿಳಿಯದುದೇನಲ್ಲ. ಟಿಪ್ಪುವಿನ ಪತನವಾದ ಮರುವರ್ಷ, ೧೮೦೦ರಲ್ಲಿ, ಬುಕಾನನ್ ಎಂಬ ವೈದ್ಯನು ಈ ದೇಶವನ್ನೆಲ್ಲ ಸುತ್ತಿ ಮಧುಗಿರಿಯ ಕಡೆಯಲ್ಲಿ ಅದನ್ನು ಕಣ್ಣಾರೆ ಕಂಡು ಬರೆದಿಟ್ಟನು. ಮೆದು ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿಯ ಕಡ್ಡಿಗಳನ್ನೂ ಒಂದು ಬಳ್ಳಿಯ ಹಸಿ ಎಲೆಗಳನ್ನೂ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಮೂಸೆಗಳನ್ನು ಒಲೆಯಲ್ಲಿ ಜೋಡಿಸಿ ತಿದಿಯೂದುವುದು. ಚಳ್ಳಕೆರೆಯ ಬಯಲಿನಲ್ಲಿ ಹಳದಿಯ ಹೂ ಬಿಟ್ಟು ನಿಲ್ಲುವ ಆ ತಂಗಡಿಯೇ. ಸೊಪ್ಪುಕಡ್ಡಿಗಳ ಇಂಗಾಲವು ಕಬ್ಬಿಣದೊಳಕ್ಕಿಳಿದು ಅದು ಉಕ್ಕಾಗುವುದು. ಈ ಗಟ್ಟಿಗಳೇ ಪಶ್ಚಿಮದ ದೇಶಗಳಿಗೆ ಹೋಗಿ ದಮಾಸ್ಕದ ಅಲಗುಗಳೆಂದು ಹೆಸರಾದುವು. ೧೭೯೪ರಲ್ಲಿ ಮುಂಬಯಿಯಿಂದ ಸ್ಕಾಟ್ ಎಂಬವನು ಅದರ ಮಾದರಿಯನ್ನು ಲಂಡನ್ನಿಗೆ ಕಳುಹಿಸಿದಾಗ ಅದನ್ನು ವೂಟ್ಸ್ ಎಂದು ಕರೆದನು. ಅದು ನಮ್ಮ ‘ಉಕ್ಕು’ ಎಂಬ ಮಾತೇ ಕೆಟ್ಟು ಆದ ರೂಪವೆಂದು ವಿದ್ವಾಂಸರನೇಕರ ಅಭಿಪ್ರಾಯ. ವಿದ್ಯುತ್ತಿನ ಶಾಸ್ತ್ರದಿಂದ ಹೆಸರಾದ ಫ್ಯಾರಡೆಯೂ ಆ ಕೆಲಸಕ್ಕೆ ಮುಂಚೆ ಈ ಉಕ್ಕಿನ ಗುಟ್ಟನ್ನು ಹುಡುಕುತ್ತ ಕೆಲಕಾಲ ತೊಡಗಿದ್ದನು.

ಇಂತಹ ಉಕ್ಕಿಗೆ ಗುರುತೊಂದುಂಟು. ಮೈಯನ್ನು ಚೊಕ್ಕಟ ಮಾಡಿ ಅನ್ನಭೇದಿಯ ನೀರನ್ನು ಹಚ್ಚಿದರೆ ಕೆರೆಯ ಮೇಲೆ ಗಾಳಿ ಬೀಸಿದಂತಹ ಸಣ್ಣ ಅಲೆಗಳು ಏಳುವುವು. ಕೆರಿಸಿನ ಗೆರೆಗಳು ಬೆಸುಗೆಯಿಂದ ಹುಟ್ಟಿದುವು. ಇವು ಮೂಸೆಯೊಳಗೆ ಲೋಹವು ಮೆಲ್ಲಮೆಲ್ಲನೆ ತಣಿದಾಗಲೇ ಬೇರುಗೊಂಡುವು. ಮೇಷ್ಟರು ಚಳ್ಳಕೆರೆಯ ಗ್ರಂಧಿಗೆ ಅಂಗಡಿಯಿಂದ ಅನ್ನಭೇದಿಯನ್ನು ತರಿಸಿ, ಹಿಡಿಯ ಸಮೀಪದಲ್ಲಿ ಒಂದು ಅಂಗುಲದಷ್ಟು ಜಾಗಕ್ಕೆ ಮಾತ್ರ ಹತ್ತಿಯಿಂದ ಹಚ್ಚಿದರು. ಕಾದರು. ಒರೆಸಿದರು. ಬೂದುಬಣ್ಣವೊಂದೇ ಕಾಣಿಸಿತು. ಮತ್ತೆ ಹಚ್ಚಿದರು. ಅಲೆಯಿಲ್ಲ.

ಅಲೆಯಿಲ್ಲದ ಮಾತ್ರಕ್ಕೆ ದೇಶದ ಉಕ್ಕಲ್ಲವೆನ್ನಲಾಗದು. ಅತಿಯಾಗಿ ಕಾಯಿಸಿ ಬಡಿದರೆ ಅಲೆಯು ಅಳಿದುಹೋಗುವುದು. ಎಲ್ಲ ಕಮ್ಮಾರರೂ ಮೂಸೆಯ ಉಕ್ಕನ್ನೇ ಬಳಸುತ್ತಿರಲಿಲ್ಲ. ಮೇಷ್ಟರು ಆ ರಾತ್ರಿ ಈ ಸಮಾಧಾನವನ್ನು ಹಿಡಿದುಕೊಂಡೇ ಮಲಗಿದರು. ಬೆಳಗ್ಗೆ ಎದ್ದು ಮತ್ತೆ ನೋಡಿದಾಗ, ಹುಟ್ಟಿದಾರಭ್ಯ ಕಂಡಿದ್ದರೂ ನೋಡದಿದ್ದ ಒಂದು ಸಂಗತಿಯು ಕಣ್ಣಿಗೆ ಬಿದ್ದಿತು. ಅಲಗಿನ ನಡುವೆ ಉದ್ದಕ್ಕೂ ಎರಡು ಕಿರುಗಾಲುವೆಗಳು ತೋಡಿದ್ದುವು. ಕಠಾರಿಗೆಂದೇ ಮಾಡಿದ ಅಲಗಿನಲ್ಲಿ ಇಂತಹ ಗೆರೆಗಳು ಬುಡದ ಬಳಿ ಕ್ರಮವಾಗಿ ಮುಗಿಯಬೇಕು. ಇವು ಹಿಡಿಯಿಂದ ಬಂದ ತಟ್ಟೆಗಳ ಅಡಿಗೆ ನುಗ್ಗಿ, ಮೂರು ಮೊಳೆಗಳನ್ನು ಹಾದು, ಆಚೆಯ ಸಂದಿನಲ್ಲಿ ಥಟ್ಟನೆ ಕತ್ತರಿಸಿದಂತೆ ನಿಂತಿದ್ದುವು. ಅಲಗು ಒಂದು ನಿಡುಗತ್ತಿಯ ತುಂಡು. ಭೂತಗನ್ನಡಿಯನ್ನು ಹಿಡಿದರೆ ಕಾಲುವೆಯೊಳಗೆ, ಕಿಲುಬಿನ ನಡುವೆ, ಸವೆದ ಮೂರು ನಾಲ್ಕು ರೋಮನ್ ಅಕ್ಷರಗಳು.

ಪೋರ್ಚುಗೀಸರು ಗೋವೆಗೆ ಬಂದ ಮೇಲೆ ಜರ್ಮನಿ ಇಟಲಿಗಳ ಕತ್ತಿಯ ಅಲಗುಗಳು ದಕ್ಷಿಣದ ರೇವುಗಳಿಗೆ ಸಾಲುಸಾಲಾಗಿ ಬಂದುವು. ಜನರು ಅವನ್ನು ಫಿರಂಗಿ ಎಂದರು. ಕತ್ತಿಯು ಮುರಿದರೆ ತುಂಡನ್ನು ಬಿಸಾಡದೆ ಕಠಾರಿಯ ಹಿಡಿಗೆ ಮೊಳೆ ಹೊಡೆದು ಕೂರಿಸುವುದು ೧೭ನೆಯ ಶತಮಾನದಲ್ಲಿ ವಾಡಿಕೆಯಾಗಿದ್ದಿತು. ಇಂತಹ ಕಠಾರಿಗಳು ಇಂದಿಗೂ ಅನೇಕ ಸಂಗ್ರಹಗಳಲ್ಲಿವೆ. ಫಿರಂಗಿಯ ಅಕ್ಷರಗಳನ್ನು ನಮ್ಮ ಕಮ್ಮಾರರೇ ನಕಲು ಮಾಡುತ್ತಿದ್ದುದೂ ಉಂಟು. ಆದುದರಿಂದ ಅಕ್ಷರವನ್ನು ನಂಬಬೇಕಾಗಿಲ್ಲ. ಆದರೆ ಕಡಿದ ಕಾಲುವೆಯು ಸುಳ್ಳು ಹೇಳುವುದಿಲ್ಲ.

ಮೇಷ್ಟರು ಮೂರು ದಿನ ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ. ನಾಲ್ಕನೆಯ ದಿನ ಕಾಗದ ಬರೆದರು: ಹಿಡಿಯು ದಕ್ಷಿಣದೇಶದ್ದು, ಹಳೆಯದು; ಒರೆಯು ಅಲಗಿನೊಡನೆ ಬಹುಕಾಲದಿಂದಿರುವುದು; ಅಲಗು ಒಂದು ನಿಡುಗತ್ತಿಯ ತುಂಡು, ಬಹುಶಃ ಯೂರೋಪಿನದು; ದುರ್ಗದ ಸಂಬಂಧಕ್ಕೆ ಮನೆಯ ಮಾತಿನ ಹೊರತು ಬೇರೆ ಆಧಾರವಿಲ್ಲ. ವ್ಯಾಪಾರಿಯು ಅದನ್ನು ಓದಿ ಬೆಲೆಯನ್ನು ಮೂರರಲ್ಲೊಂದು ಪಾಲಿಗೆ ಇಳಿಸಿದನು, ಆಮೇಲೆ ಅದಕ್ಕೂ ಬರಲಿಲ್ಲ. ವಾಸ್ತವವಾಗಿ ಬಲ್ಲವರಿಗೆ ಇಂತಹ ಕೂಡುಗಠಾರಿಯು ಕೀಳಲ್ಲ. ಹಡಗೂ ಕುಲುಮೆಯೂ ಕೈಕೈ ಹಿಡಿದ ಆ ಕಾಲವನ್ನು ಅದರಂತೆ ತೋರಿಸುವ ವಸ್ತು ಅಪೂರ್ವ. ಆದರೆ ಆ ವ್ಯಾಪಾರಿಗೆ ಬೇಕಾಗಿದ್ದುದು ಕಥೆ.

“ನಿನ್ನ ಸತ್ಯಕ್ಕೆ ನನ್ನ ಬಡ್ಡಿ ಕಟ್ಟಿಸಿದೆ,” ಎಂದು ತಮ್ಮನು ಹೊರಟುಹೋದನು. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಇಬ್ಬರೂ ಹೋದರು, ಮಾತಾಡಲಿಲ್ಲ. ಮೇಷ್ಟರು ತಮ್ಮ ಪಾಲಿಗೆ ಬಂದಿದ್ದ ಹುಣಿಸೆಮರಗಳ ಮೂರು ವರ್ಷದ ಫಸಲನ್ನು ಗುತ್ತಿಗೆಗೆ ಕೊಟ್ಟು ಬಂದ ಹಣವನ್ನು ತಮ್ಮನ ಸಾಲದ ಖಾತೆಗೆ ತಾವೇ ಹೋಗಿ ಕಟ್ಟಿ ಬಂದರು. ಅದು ಸಾಲದ ಕಾಲುಭಾಗವೂ ಆಗಲಿಲ್ಲ.

ಮಹಾನವಮಿ ಬಂದಿತು. ತೊಂಬತ್ತರ ಹತ್ತಿರದ ತಾಯಿಯು ಎಂದಿನಂತೆ ಇಟ್ಟಿಗೆಯ ಪುಡಿಯನ್ನೂ ಹುಣಿಸೆಹಣ್ಣನ್ನೂ ತೆಗೆದುಕೊಂಡು ಕೂತಳು. ಎಪ್ಪತ್ತು ವರ್ಷಗಳಿಂದ ಆ ಕೈಯೇ ಅಲಗನ್ನು ಉಜ್ಜಿ, ಫಿರಂಗಿಯ ಅಕ್ಷರಗಳನ್ನು ಸವೆಯಿಸಿದುದು.

“ಇದನ್ನ ಹಾಕಬೇಡ ಅವ್ವ. ಎಣ್ಣೆಬಟ್ಟೆಯಲ್ಲಿ ಒರೆಸು, ಸಾಕು,” ಎಂದರು ಮೇಷ್ಟರು.

“ಉಜ್ಜದೆ ಮೈಲಿಗೇಲಿ ಇಡೋಕಾಗುತ್ತೇನೋ?”

“ಇನ್ನು ಉಜ್ಜಿದರೆ ಅದು ಉಳಿಯಲ್ಲ.”

ಮುದುಕಿಯು ಮಗನ ಮುಖವನ್ನು ನೋಡಿ, ಪುಡಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಶೇಂಗಾ ಎಣ್ಣೆಯ ಗಿಂಡಿಗೆ ಕೈಹಾಕಿದಳು. ಅದೂ ಸಲ್ಲದು. ಚಳ್ಳಕೆರೆಯು ಗಾಣಗಳಿಗೆ ಎಷ್ಟೇ ಹೆಸರಾಗಿರಲಿ, ಕಾಳಿನ ಎಣ್ಣೆಯು ಲೋಹದ ಮೇಲೆ ಕ್ರಮೇಣ ಅಂಟಾಗಿ ಧೂಳನ್ನು ಹಿಡಿಯುವುದು. ಮೇಷ್ಟರು ಪಕ್ಕದ ಮಗ್ಗದ ಮನೆಗೆ ಹೋಗಿ ಹೊಲಿಗೆಯಂತ್ರಕ್ಕೆ ಹಾಕುವ ತೆಳುವಾದ ಎಣ್ಣೆಯನ್ನು ಒಂದು ಬಟ್ಟಲಲ್ಲಿ ಬೇಡಿ ತಂದರು. ಬರುವಷ್ಟರಲ್ಲಿ ಜಗಲಿಯ ಮೇಲೆ ತಮ್ಮನು ಚಪ್ಪಲಿ ಬಿಡುತ್ತಿದ್ದನು. ಅವ್ವ ಹೇಳಿಕಳುಹಿಸಿದ್ದಳೋ, ಅವನಾಗಿಯೇ ಬಂದನೋ, ಯಾರೂ ಕೇಳಲಿಲ್ಲ.

ಅವನು ಅಣ್ಣನ ಕೈಯಿಂದ ಬಟ್ಟಲನ್ನು ತೆಗೆದುಕೊಂಡು, ಚಾಪೆಯ ಮೇಲೆ ಕೂತು, ಬಟ್ಟೆಯನ್ನು ಅದ್ದಿ ಅಲಗನ್ನು ಬುಡದಿಂದ ಮೊನೆಗೆ ಒರೆಸತೊಡಗಿದನು. ಅಕ್ಷರಗಳಿದ್ದ ಕಡೆ ಹೆಬ್ಬೆರಳು ತಡೆಯಿತು. ಬಾಗಿಲ ಬೆಳಕಿಗೆ ಹಿಡಿದು ನೋಡಿದನು.

“ಈ ಕತ್ತಿ ಮುರಿದಾಗ ಇದನ್ನ ಹಿಡಿದಿದ್ದವನು ಯಾರಣ್ಣ? ಅವನ ಕಡೆಯವನೋ, ನಮ್ಮ ಕಡೆಯವನೋ?”

ಮೇಷ್ಟರು ಕನ್ನಡಕವನ್ನು ತೆಗೆದು, ಗೋವೆಯ ರೇವಿನಿಂದ ಮೊದಲುಮಾಡಿ ಹೇಳಲಾರಂಭಿಸಿದರು. ಅಂಕೋಲೆ ದಾಟಿ ಘಟ್ಟವನ್ನು ಹತ್ತುವಷ್ಟರಲ್ಲಿ ಅವ್ವನು ಒಳಗಿನಿಂದ ಕೂಗಿ, ಪೂಜೆಗೆ ಹೊತ್ತಾಯಿತು, ಒರೆಗೆ ಹಾಕಿ ತನ್ನಿರೆಂದಳು.